ಒಂದೇ ಸ್ವರಲಿಪಿ, ಹಲವು ಕುಣಿತ

ನಮ್ಮಲ್ಲಿ ಸಂಗೀತ ಕೇಳುವವರ ನಡುವೆ ಒಂದು ಮಾತು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬರೆದಿಟ್ಟ ಸಂಗೀತ; ಯಾವ ವಾದ್ಯ ಯಾವ ಸ್ವರವನ್ನು ಎಷ್ಟು ಹೊತ್ತು, ಎಷ್ಟು ಜೋರಾಗಿ ನುಡಿಸಬೇಕು ಎಂಬುದೆಲ್ಲ ಹಾಳೆಯ ಮೇಲೆ ಮೊದಲೇ ತೀರ್ಮಾನವಾಗಿರುತ್ತದೆ; ನುಡಿಸುವವರಿಗೆ ಉಳಿಯುವುದು ಆ ತೀರ್ಮಾನವನ್ನು ತಪ್ಪಿಲ್ಲದೆ ನೆರವೇರಿಸುವ ಕೆಲಸ ಮಾತ್ರ. ಮನೋಧರ್ಮಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ ಅಂಥ ಕೃತಿಯ ಒಂದು ಒಳ್ಳೆಯ ಧ್ವನಿಮುದ್ರಿಕೆ ಕೈಯಲ್ಲಿದ್ದರೆ ಆಯಿತು, ಅದನ್ನೇ ಐದಾರು ತಂಡಗಳಿಂದ ಕೇಳುವುದರಲ್ಲಿ ಹೊಸದೇನೂ ಸಿಗದು. ಇದೇ ನಂಬಿಕೆಯ ಇನ್ನೊಂದು ರೂಪ ಪಾಶ್ಚಾತ್ಯ ಸಂಗೀತವನ್ನು ಚೆನ್ನಾಗಿ ಬಲ್ಲವರಲ್ಲಿ ಕಾಣುತ್ತದೆ. ಪ್ರಸ್ತುತಿಗಳ ನಡುವೆ ವ್ಯತ್ಯಾಸ ಇದೆ ಎಂದು ಅವರು ಒಪ್ಪುತ್ತಾರೆ. ಆದರೆ ಅವುಗಳಲ್ಲಿ ಒಂದು ಮಾತ್ರ ನಿಜವಾದದ್ದು, ಉಳಿದವು ಅದಕ್ಕೆ ಹತ್ತಿರವೋ ದೂರವೋ ಆಗಿರುವಂಥವು ಎನ್ನುತ್ತಾರೆ. ಮೊದಲನೆಯವರು ಎರಡನೆಯ ಪ್ರಸ್ತುತಿ ಬೇಡವೆನ್ನುತ್ತಾರೆ, ಎರಡನೆಯವರು ಹತ್ತನ್ನು ಕೇಳಿ ಒಂಬತ್ತನ್ನು ಬಿಸಾಡುತ್ತಾರೆ. ಮೇಲುನೋಟಕ್ಕೆ ಎದುರುಬದುರಾಗಿ ಕಂಡರೂ ಇಬ್ಬರ ಕೆಳಗಿರುವ ನೆಲ ಒಂದೇ: ಕೃತಿಯೆಂಬುದು ಪೂರ್ತಿಯಾಗಿ ಮುಗಿದುಹೋದ ವಸ್ತು, ಅದಕ್ಕೆ ಸರಿಯಾದ ನಾದರೂಪ ಒಂದೇ ಇರಲು ಸಾಧ್ಯ. ಈ ನೆಲವೇ ಗಟ್ಟಿಯಿಲ್ಲ ಎಂದು ತೋರಿಸುವುದು ಈ ಲೇಖನದ ಉದ್ದೇಶ. ಒಂದೇ ಪ್ರಸ್ತುತಿಯನ್ನು ಕೇಳಿದವರಿಗೆ ತಾವು ಮೆಚ್ಚಿದ್ದು ಕೃತಿಯನ್ನೋ ಅದನ್ನು ನುಡಿಸಿದ ಕೈಯನ್ನೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ ಎಂಬುದು ನನ್ನ ವಾದ.

ಪರೀಕ್ಷೆಗೆ ಝೆಕ್ ಸಂಯೋಜಕ ಆಂಟೊನಿನ್ ಡ್ವೊರ್ಜಾಕ್‌ನ ‘ಸ್ಲಾವೊನಿಕ್ ಡಾನ್ಸಸ್’ಗಿಂತ ಒಳ್ಳೆಯ ಕೃತಿ ಸಿಗಲಾರದು. ಎಂಟೆಂಟರ ಎರಡು ಗುಚ್ಛಗಳು, ಒಟ್ಟು ಹದಿನಾರು ಕುಣಿತಗಳು. ಓಪಸ್ 46 ಎಂಬ ಮೊದಲ ಗುಚ್ಛ 1878ರದು, ಓಪಸ್ 72 ಎಂಬ ಎರಡನೆಯದು 1886ರಲ್ಲಿ ಹುಟ್ಟಿದ್ದು. ಒಂದೊಂದು ಕುಣಿತವೂ ಕೆಲವೇ ನಿಮಿಷಗಳದ್ದು. ಕಛೇರಿಯ ಕೊನೆಗೆ ಸಭಿಕರ ಒತ್ತಾಯಕ್ಕೆ ನುಡಿಸುವ ತುಣುಕಾಗಿ ಇವನ್ನು ಪ್ರಪಂಚದ ಅನೇಕ ಆರ್ಕೆಸ್ಟ್ರಾಗಳು ಬಳಸುತ್ತವೆ. ಅಂದರೆ ಇವು ಕಠಿಣವಾದ, ಬಿಡಿಸಲು ಪಂಡಿತರೇ ಬೇಕಾದ ಸಂಗೀತವಲ್ಲ. ಇಷ್ಟು ಸರಳವಾದ, ಇಷ್ಟು ಪ್ರಿಯವಾದ ಕೃತಿಯಲ್ಲೇ ‘ಒಂದೇ ಸರಿರೂಪ’ದ ನಂಬಿಕೆ ನಿಲ್ಲದಿದ್ದರೆ ದೊಡ್ಡ ಸಿಂಫನಿಗಳಲ್ಲಿ ನಿಲ್ಲುವ ಆಸೆ ಇನ್ನೂ ಕಡಿಮೆ.

ನಂಬಿಕೆಯ ಅತ್ಯಂತ ಬಲವಾದ ರೂಪವನ್ನೇ ಮೊದಲು ಎತ್ತಿಕೊಳ್ಳುವುದು ನ್ಯಾಯ. ಅಮೆರಿಕದ ತತ್ತ್ವಶಾಸ್ತ್ರಜ್ಞ ನೆಲ್ಸನ್ ಗುಡ್‌ಮನ್ 1968ರಲ್ಲಿ ಪ್ರಕಟಿಸಿದ ‘ಲ್ಯಾಂಗ್ವೇಜಸ್ ಆಫ್ ಆರ್ಟ್’ ಗ್ರಂಥದಲ್ಲಿ ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳಿದ. ಸ್ವರಲಿಪಿಯ ಕೆಲಸ ಕೃತಿಯನ್ನು ಗುರುತಿಸುವುದು. ಸ್ವರಲಿಪಿಗೆ ಪೂರ್ತಿ ಬದ್ಧವಾದ ಪ್ರಸ್ತುತಿ ಮಾತ್ರ ಆ ಕೃತಿಯ ಪ್ರಸ್ತುತಿ. ಒಂದು ಸ್ವರ ತಪ್ಪಿದರೂ ಅದು ಆ ಕೃತಿಯಾಗದು, ಎಷ್ಟು ನೀರಸವಾಗಿದ್ದರೂ ಸ್ವರ ತಪ್ಪದಿದ್ದರೆ ಅದು ಆ ಕೃತಿಯೇ. ಒಂದು ತಪ್ಪನ್ನು ಬಿಟ್ಟರೆ ಇನ್ನೊಂದನ್ನೂ ಬಿಡಬೇಕಾಗುತ್ತದೆ, ಹಾಗೆ ಒಂದೊಂದೇ ಸ್ವರ ಬದಲಾಗುತ್ತ ಹೋದರೆ ಯಾವ ಕೃತಿಯನ್ನೂ ಯಾವ ಕೃತಿಯನ್ನಾಗಿ ಬೇಕಾದರೂ ಮಾಡಬಹುದು ಎಂಬುದು ಅವನ ಭಯ. ಈ ಭಯ ಪೊಳ್ಳಲ್ಲ. ಆದರೆ ಇದೇ ಗುಡ್‌ಮನ್, ತನ್ನ ತರ್ಕಕ್ಕೆ ನಿಷ್ಠನಾಗಿದ್ದುಕೊಂಡೇ, ಸ್ವರಲಿಪಿಯ ಮೇಲೆ ಪದಗಳಲ್ಲಿ ಬರೆದ ವೇಗದ ಸೂಚನೆಗಳನ್ನು ಹೊರಗಿಟ್ಟ. ‘ಅಲೆಗ್ರೊ’ ಎಂಬ ಪದಕ್ಕೆ ಖಚಿತವಾದ ಗಡಿ ಇಲ್ಲ. ಗಡಿಯಿಲ್ಲದ್ದು ಲಿಪಿಯ ಭಾಗವಾಗಲಾರದು. ಹಾಗಾಗಿ ಆ ಪದಗಳ ಮಟ್ಟಿಗೆ ಯಾವ ವೇಗದಲ್ಲಿ ನುಡಿಸಿದರೂ ಕೃತಿ ಅದೇ ಆಗಿರುತ್ತದೆ. ಗಮನಿಸಬೇಕಾದದ್ದು ಇದು: ಬರೆದಿಟ್ಟದ್ದೇ ಕೃತಿ ಎಂಬ ವಾದವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಹಿಡಿದವನೂ ವೇಗವೆಂಬ, ಕುಣಿತಕ್ಕೆ ಪ್ರಾಣವೇ ಆದ ಅಂಶವನ್ನು ಬರಹದ ಹಿಡಿತದಿಂದ ಬಿಟ್ಟುಕೊಡಬೇಕಾಯಿತು. ಕುಣಿತದ ವೇಗ ಬರಹದಲ್ಲಿ ಕಟ್ಟುಬೀಳದಿದ್ದರೆ, ‘ಎಲ್ಲವೂ ಹಾಳೆಯ ಮೇಲಿದೆ’ ಎಂಬ ಮಾತು ಮೊದಲ ಹೆಜ್ಜೆಯಲ್ಲೇ ಎಡವುತ್ತದೆ.

ವೇಗವೊಂದೇ ಅಲ್ಲ. ಓಪಸ್ 72ರ ಎರಡನೆಯ ಕುಣಿತವನ್ನು ನೋಡಿ. ಇ ಮೈನರ್ ಶ್ರುತಿಯ, ಮೂರರ ನಡೆಯ, ವಿಷಾದದ ಎಳೆಯುಳ್ಳ ಈ ಕುಣಿತ ಹದಿನಾರರಲ್ಲಿ ಬಹಳ ಜನಪ್ರಿಯವಾದವುಗಳಲ್ಲೊಂದು. ಅದರ ತಲೆಯ ಮೇಲೆ ಡ್ವೊರ್ಜಾಕ್ ಬರೆದ ಸೂಚನೆ ‘ಅಲೆಗ್ರೆಟ್ಟೊ ಗ್ರಾಜಿಯೋಸೊ’, ಅಂದರೆ ತುಸು ಚುರುಕಾಗಿ, ಲಾಲಿತ್ಯದಿಂದ. ಚುರುಕು ಎಷ್ಟು, ಲಾಲಿತ್ಯ ಯಾವ ಬಗೆಯದು? ಪಿಟೀಲುಗಳು ಧಾಟಿಯನ್ನು ಎತ್ತಿಕೊಳ್ಳುವಾಗ ಮೊದಲ ಸ್ವರದ ಮೇಲೆ ಕೂದಲೆಳೆಯಷ್ಟು ನಿಲ್ಲಬೇಕೋ, ನೇರವಾಗಿ ಮುಂದಕ್ಕೆ ಹೋಗಬೇಕೋ? ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಬೆರಳು ಜಾರಬೇಕೋ, ಬಿಡಿಯಾಗಿ ಇಳಿಯಬೇಕೋ? 1930ರ ದಶಕದ ಪಿಟೀಲುವಾದಕರು ಇಂಥ ಕಡೆ ಸಹಜವಾಗಿ ಜಾರುತ್ತಿದ್ದರು. ಯಾರೂ ಅದನ್ನು ಬರೆದಿಡಲಿಲ್ಲ, ಏಕೆಂದರೆ ಎಲ್ಲರೂ ಹಾಗೆಯೇ ನುಡಿಸುತ್ತಿದ್ದರು. ಮುಂದೆ ಅದು ಹಳತಾಯಿತು, ಬಿಟ್ಟುಹೋಯಿತು. ಬಿಟ್ಟುಹೋದದ್ದನ್ನೂ ಯಾರೂ ಬರೆದಿಡಲಿಲ್ಲ. ಎರಡನೆಯ ಪಿಟೀಲುಗಳು ಮೊದಲನೆಯವರ ಪಕ್ಕದಲ್ಲಿ ಕೂರಬೇಕೋ, ವೇದಿಕೆಯ ಬಲಬದಿಯಲ್ಲಿ ಎದುರಾಗಿ ಕೂರಬೇಕೋ ಎಂಬುದು ಕೂಡ ಸ್ವರಲಿಪಿಯಲ್ಲಿ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎದುರಾಗಿ ಕೂರುವ ಪದ್ಧತಿ ವ್ಯಾಪಕವಾಗಿತ್ತು, ಇಪ್ಪತ್ತನೆಯ ಶತಮಾನದಲ್ಲಿ ಬಹುತೇಕ ತಂಡಗಳು ಅದನ್ನು ಕೈಬಿಟ್ಟವು. ಕಂಡಕ್ಟರ್ ರಫಾಯೆಲ್ ಕುಬೆಲಿಕ್ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡ. 1970ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಬವೇರಿಯನ್ ರೇಡಿಯೊ ಆರ್ಕೆಸ್ಟ್ರಾದೊಂದಿಗೆ ಅವನು ಮುದ್ರಿಸಿದ ಕುಣಿತಗಳಲ್ಲಿ ಎರಡು ಪಿಟೀಲು ಗುಂಪುಗಳ ಮಾತು ಮರುಮಾತು ಎಡಬಲದಿಂದ ಸ್ಪಷ್ಟವಾಗಿ ಕೇಳುತ್ತದೆ. ಬೇರೆ ಮುದ್ರಿಕೆಗಳಲ್ಲಿ ಒಂದೇ ದಟ್ಟ ನಾದವಾಗಿ ಬೆರೆತುಹೋಗುವ ಜಾಗಗಳು ಇಲ್ಲಿ ಸಂಭಾಷಣೆಯಾಗುತ್ತವೆ. ಸ್ವರಗಳಲ್ಲಿ ಒಂದೂ ಬದಲಾಗಿಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಮೊದಲ ಗುಂಪಿನವರ ವಾದ ಮುಗಿಯುತ್ತದೆ. ಎರಡನೆಯ ಗುಂಪಿನವರದು ಶುರುವಾಗುತ್ತದೆ. ಬರಹ ಎಲ್ಲವನ್ನೂ ಹೇಳದಿರಬಹುದು, ಆದರೆ ಬರಹ ಬಿಟ್ಟ ಜಾಗವನ್ನು ತುಂಬುವ ಹಕ್ಕು ಎಲ್ಲರಿಗೂ ಸಮನಲ್ಲ. ಕುಣಿತಗಳು ಹುಟ್ಟಿದ ಮಣ್ಣಿನವರಿಗೆ ಅದು ರಕ್ತದಲ್ಲೇ ಬಂದಿರುತ್ತದೆ. ಹಾಗಾಗಿ ಝೆಕ್ ಕಂಡಕ್ಟರ್, ಝೆಕ್ ಆರ್ಕೆಸ್ಟ್ರಾ ನುಡಿಸಿದ್ದೇ ಅಸಲು ಎಂಬ ವಾದವಿದು. ಎಷ್ಟೋ ವಿಮರ್ಶೆಗಳಲ್ಲಿ, ಧ್ವನಿಮುದ್ರಿಕೆಗಳ ಹೊದಿಕೆಗಳ ಮೇಲೆ ಈ ಮಾತು ಪ್ರಶ್ನೆಯೇ ಇಲ್ಲದೆ ಬರುತ್ತದೆ. ಕೃತಿಯ ಹುಟ್ಟನ್ನು ನೋಡಿದರೆ ಇದು ನಿಲ್ಲುವುದಿಲ್ಲ.

1. ಧಾಟಿಗಳು ಜನಪದದಿಂದ ಎತ್ತಿಕೊಂಡವಲ್ಲ. ಈ ಗುಚ್ಛಕ್ಕೆ ಮಾದರಿಯಾದದ್ದು ಜರ್ಮನ್ ಸಂಯೋಜಕ ಬ್ರಾಮ್ಸ್‌ನ ‘ಹಂಗೇರಿಯನ್ ಡಾನ್ಸಸ್’. ಬ್ರಾಮ್ಸ್ ಬಹುಮಟ್ಟಿಗೆ ಆಗಲೇ ಬಳಕೆಯಲ್ಲಿದ್ದ ಧಾಟಿಗಳನ್ನು ತೆಗೆದುಕೊಂಡು ಹೊಂದಿಸಿದ. ಡ್ವೊರ್ಜಾಕ್ ತೆಗೆದುಕೊಂಡದ್ದು ಕುಣಿತಗಳ ಲಯದ ಅಚ್ಚನ್ನು ಮಾತ್ರ. ಅದರೊಳಗೆ ಸುರಿದ ಧಾಟಿಗಳು ಅವನ ಸ್ವಂತ ಕಲ್ಪನೆ. ಯಾವ ಹಳ್ಳಿಯ ಯಾವ ಅಜ್ಜಿಯೂ ಇವನ್ನು ಹಾಡಿರಲಿಲ್ಲ.

2. ಕುಣಿತಗಳೆಲ್ಲ ಝೆಕ್ ನಾಡಾದ ಬೊಹೀಮಿಯಾದವೂ ಅಲ್ಲ. ಮೊದಲ ಗುಚ್ಛದಲ್ಲಿ ಫ್ಯೂರಿಯಂಟ್, ಪೋಲ್ಕ, ಸೊಸೆಡ್‌ಸ್ಕ, ಸ್ಕೊಚ್ನ ಮುಂತಾದ ಝೆಕ್ ಕುಣಿತಗಳೇ ಹೆಚ್ಚು, ಆದರೆ ಅದರ ಎರಡನೆಯ ತುಣುಕು ದುಮ್ಕ, ಮೂಲದಲ್ಲಿ ಉಕ್ರೇನಿನದು. ಎರಡನೆಯ ಗುಚ್ಛದಲ್ಲಿ ಸ್ಲೋವಾಕ್ ಒಡ್ಜೆಮೆಕ್, ಪೋಲೆಂಡಿನ ಪೊಲೊನೇಸ್, ಸರ್ಬಿಯದ ಕೋಲೊ ಕೂಡ ಇವೆ. ಪ್ರಾಗಿನ ಸಂಯೋಜಕನ ರಕ್ತದಲ್ಲಿ ಸರ್ಬಿಯದ ಕೋಲೊ ಇತ್ತೆಂದು ಯಾರೂ ಹೇಳಲಾರರು. ಅದರ ಮಟ್ಟಿಗೆ ಅವನೂ ಹೊರಗಿನವನೇ.

3. ಕೇಳುಗರು ಕೂಡ ಮೊದಲಿಗೆ ಆ ಮಣ್ಣಿನವರಲ್ಲ. ಬ್ರಾಮ್ಸ್‌ನ ಶಿಫಾರಸಿನ ಮೇಲೆ ಡ್ವೊರ್ಜಾಕ್‌ನನ್ನು ಕೈಹಿಡಿದ ಬರ್ಲಿನ್ನಿನ ಪ್ರಕಾಶಕ ಫ್ರಿಟ್ಸ್ ಸಿಮ್ರೋಕ್ ಈ ಕುಣಿತಗಳನ್ನು ಬರೆಸಿದ್ದು ಮನೆಮನೆಯ ಪಿಯಾನೊ ಮುಂದೆ ಇಬ್ಬರು ಜೊತೆಯಾಗಿ ಕೂತು ನುಡಿಸಲೆಂದು. ಮೊದಲ ಗುಚ್ಛಕ್ಕೆ ಅವನು ಕೊಟ್ಟದ್ದು 300 ಮಾರ್ಕ್. ಬರ್ಲಿನ್ನಿನ ಪತ್ರಿಕೆಯಲ್ಲಿ ವಿಮರ್ಶಕ ಲೂಯಿ ಏಲರ್ಟ್ ಬರೆದ ಉತ್ಸಾಹದ ಲೇಖನದಿಂದ ಪ್ರತಿಗಳಿಗೆ ಬೇಡಿಕೆ ನುಗ್ಗಿತು. ಜರ್ಮನ್ ಮಧ್ಯಮ ವರ್ಗದ ಬೈಠಕ್‌ಖಾನೆಗಾಗಿ ಹುಟ್ಟಿದ ಸಂಗೀತಕ್ಕೆ ಮಣ್ಣಿನ ವಾಸನೆಯೊಂದೇ ಪ್ರಮಾಣವೆನ್ನುವುದು ಇತಿಹಾಸವನ್ನು ತಿರುಗಿಸಿ ಹಿಡಿದಂತೆ.

ಇದರ ಅರ್ಥ ಪ್ರಾಗಿನ ಪರಂಪರೆ ಸುಳ್ಳು ಎಂದಲ್ಲ. ಝೆಕ್ ಫಿಲ್ಹಾರ್ಮೋನಿಕ್ ತನ್ನ ಮೊದಲ ಕಛೇರಿಯನ್ನು 1896ರ ಜನವರಿಯಲ್ಲಿ ನೀಡಿದಾಗ ಕಂಡಕ್ಟರ್ ಆಗಿ ನಿಂತವನು ಡ್ವೊರ್ಜಾಕ್‌ನೇ. ಅಂದಿನಿಂದ ಒಬ್ಬ ವಾದಕನಿಂದ ಪಕ್ಕದವನಿಗೆ, ಹಿರಿಯರಿಂದ ಕಿರಿಯರಿಗೆ ಬಾಯಿಮಾತಲ್ಲಿ, ಬಿಲ್ಲಿನ ಅಳತೆಯಲ್ಲಿ ಹರಿದುಬಂದ ತಿಳಿವಳಿಕೆ ಆ ತಂಡದಲ್ಲಿ ನಿಜವಾಗಿಯೂ ಇದೆ. ನಮ್ಮ ಪಾಠಾಂತರ ಎನ್ನುವ ಮಾತು ಅದಕ್ಕೆ ಹೊಂದುತ್ತದೆ. ಕಂಡಕ್ಟರ್ ವಾತ್ಸ್ಲಾವ್ ತಾಲಿಖ್ 1935ರಲ್ಲಿ ಲಂಡನ್ನಿನಲ್ಲಿ ಆ ತಂಡದೊಂದಿಗೆ ಮುದ್ರಿಸಿದ ಕುಣಿತಗಳನ್ನು ಕೇಳಿದರೆ, ಹತ್ತಾರು ಜನ ಒಂದೇ ಉಸಿರಿನಲ್ಲಿ ಹಿಗ್ಗಿ ಕುಗ್ಗುವ ಬಗೆ ಯಾವ ಲಿಪಿಯಿಂದಲೂ ಕಲಿಯಲಾಗದ್ದು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇದು ಕಲಿಕೆ, ರಕ್ತವಲ್ಲ. ಕಲಿಕೆಯಾದ್ದರಿಂದಲೇ ಬೇರೆಯವರಿಗೂ ದಕ್ಕುತ್ತದೆ. ಆಸ್ಟ್ರೇಲಿಯದ ಚಾರ್ಲ್ಸ್ ಮೆಕೆರಸ್ ಎರಡನೆಯ ಮಹಾಯುದ್ಧದ ನಂತರ ಪ್ರಾಗಿಗೆ ಹೋಗಿ ತಾಲಿಖ್‌ನ ಬಳಿ ಕಲಿತ. ಎಷ್ಟೋ ದಶಕಗಳ ಮೇಲೆ ಅದೇ ಝೆಕ್ ಫಿಲ್ಹಾರ್ಮೋನಿಕ್ ಅವನ ಕೈಕೆಳಗೆ ಈ ಕುಣಿತಗಳನ್ನು ನುಡಿಸಿತು. ಬುಡಾಪೆಸ್ಟಿನಲ್ಲಿ ಹುಟ್ಟಿದ ಜಾರ್ಜ್ ಸೆಲ್ 1930ರ ದಶಕದಲ್ಲಿ ಪ್ರಾಗಿನ ಜರ್ಮನ್ ರಂಗಮಂದಿರದಲ್ಲಿ ಕೆಲಸ ಮಾಡಿದವನು, ಮುಂದೆ ಅಮೆರಿಕದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾವನ್ನು ಕಟ್ಟಿ ಬೆಳೆಸಿದವನು. ಕುಬೆಲಿಕ್ ಝೆಕ್, ಅವನ ತಂಡ ಜರ್ಮನ್. ಈ ಮೂವರಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಎಂದು ಗೆರೆ ಎಳೆಯಲು ಹೊರಟವರು ಸಂಗೀತವನ್ನು ಬಿಟ್ಟು ಜನನಪತ್ರ ಓದಬೇಕಾಗುತ್ತದೆ. ಇನ್ನು ಪರಂಪರೆಯೂ ಒಂದೇ ಮಾತು ಆಡುವುದಿಲ್ಲ. ತಾಲಿಖ್ 1950ರಲ್ಲಿ ಅದೇ ತಂಡದೊಂದಿಗೆ ಇಡೀ ಗುಚ್ಛವನ್ನು ಮತ್ತೆ ಮುದ್ರಿಸಿದ. ಆ ಎರಡು ಮುದ್ರಿಕೆಗಳಲ್ಲಿ ಒಂದು ಇನ್ನೊಂದರ ಪ್ರತಿಯಲ್ಲ. ಅಸಲು ಯಾವುದು ಎಂದು ಕೇಳಿದರೆ ಪರಂಪರೆಯ ಯಜಮಾನನೇ ಎರಡು ಉತ್ತರ ಕೊಟ್ಟಿದ್ದಾನೆ.

ಆಗ ವಾದ ಇನ್ನೊಂದು ಮೆಟ್ಟಿಲು ಮೇಲೇರುತ್ತದೆ: ಪರಂಪರೆ ಬೇಡ, ಸಂಯೋಜಕ ಸ್ವತಃ ನುಡಿಸಿದ್ದರೆ ಅದೇ ಕೊನೆಯ ಮಾತಲ್ಲವೇ? 1904ರಲ್ಲಿ ತೀರಿಕೊಂಡ ಡ್ವೊರ್ಜಾಕ್‌ನ ನುಡಿಸಾಣಿಕೆಯ ಮುದ್ರಣ ನಮಗಿಲ್ಲ. ಆದರೆ ಅಂಥ ಮುದ್ರಣಗಳನ್ನು ಬಿಟ್ಟುಹೋದ ಸಂಯೋಜಕರ ಉದಾಹರಣೆಗಳಿವೆ. ಪ್ರಸ್ತುತಕಾರನು ವ್ಯಾಖ್ಯಾನಕಾರನಾಗಬಾರದು, ಬರೆದದ್ದನ್ನು ನೆರವೇರಿಸುವವನಾಗಿರಬೇಕು ಎಂದು ಹಟ ಹಿಡಿದವನು ಇಗೋರ್ ಸ್ಟ್ರಾವಿನ್‌ಸ್ಕಿ. ಅದೇ ಸ್ಟ್ರಾವಿನ್‌ಸ್ಕಿ ತನ್ನ ‘ದ ರೈಟ್ ಆಫ್ ಸ್ಪ್ರಿಂಗ್’ ಎಂಬ ನೃತ್ಯಸಂಗೀತವನ್ನು 1929, 1940, 1960ರಲ್ಲಿ ಮೂರು ಸಲ ಮುದ್ರಿಸಿದ. ಮೂರರಲ್ಲೂ ವೇಗ, ಬಿಗಿ ಒಂದೇ ಆಗಿಲ್ಲ. ನಮ್ಮ ನಾಡಿಗೆ ನೇರವಾಗಿ ತಾಗುವ ಇನ್ನೊಂದು ಉದಾಹರಣೆಯಿದೆ. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನ ಸ್ವಂತ ಪಿಯಾನೊ ನುಡಿಸಾಣಿಕೆಯಲ್ಲೇ ಲಂಡನ್ನಿನಲ್ಲಿ ಮುದ್ರಿಸಲು ಹಣ ಒದಗಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಆ ಮುದ್ರಿಕೆಗಳು ಉಳಿದದ್ದರಿಂದ ಮೆಟ್ನರ್‌ನನ್ನು ಬೇರೆಯವರು ನುಡಿಸುವುದು ನಿಂತಿತೇ? ಬದಲಾಗಿ, ಅವನ ಕೃತಿಗಳನ್ನು ಎತ್ತಿಕೊಳ್ಳುವವರಿಗೆ ಒಂದು ಪ್ರಬಲವಾದ ಸಾಕ್ಷ್ಯ ಸಿಕ್ಕಿತು. ಸಾಕ್ಷ್ಯಕ್ಕೂ ತೀರ್ಪಿಗೂ ವ್ಯತ್ಯಾಸವಿದೆ. ಸಂಯೋಜಕ ಬರೆದು ಮುಗಿಸಿದ ಮೇಲೆ ತನ್ನ ಕೃತಿಯ ಮುಂದೆ ಅವನೂ ಒಬ್ಬ ವಾದಕ. ಎಲ್ಲರಿಗಿಂತ ಹೆಚ್ಚು ಬಲ್ಲ ವಾದಕ, ಅಷ್ಟೇ.

ಸ್ಲಾವೊನಿಕ್ ಡಾನ್ಸಸ್‌ನಲ್ಲಿ ಈ ಮಾತಿಗೆ ಇನ್ನೂ ಬಲವಾದ ಪುರಾವೆ ಕೃತಿಯೊಳಗೇ ಇದೆ. ಡ್ವೊರ್ಜಾಕ್ ಇವನ್ನು ಎರಡು ರೂಪದಲ್ಲಿ ಬರೆದ: ಒಂದು ಪಿಯಾನೊ ಮುಂದೆ ಇಬ್ಬರು ನಾಲ್ಕು ಕೈಗಳಲ್ಲಿ ನುಡಿಸುವ ರೂಪ, ಇನ್ನೊಂದು ಪೂರ್ಣ ಆರ್ಕೆಸ್ಟ್ರಾ ರೂಪ. ಮೊದಲ ಗುಚ್ಛದ ಪಿಯಾನೊ ರೂಪ ಮುಗಿಯುವ ಮೊದಲೇ ಆರ್ಕೆಸ್ಟ್ರಾ ರೂಪದ ಕೆಲಸ ಶುರುವಾಗಿತ್ತು. ಹಾಗಾಗಿ ಒಂದನ್ನು ಕರಡು, ಇನ್ನೊಂದನ್ನು ಅಂತಿಮ ಪ್ರತಿ ಎನ್ನುವಂತಿಲ್ಲ, ಎರಡೂ ಅಸಲು. ಇವೆರಡೂ ನುಡಿಸುವವರಿಂದ ಕೇಳುವುದು ಬೇರೆಬೇರೆ. ಪಿಟೀಲಿನ ಸ್ವರ ಹುಟ್ಟಿದ ಮೇಲೂ ಬಿಲ್ಲಿನಿಂದ ಅದನ್ನು ಉಬ್ಬಿಸಬಹುದು, ಇಳಿಸಬಹುದು. ಪಿಯಾನೊದ ಸ್ವರ ಹೊಡೆದ ಕ್ಷಣದಿಂದಲೇ ಕರಗಲು ಶುರುವಾಗುತ್ತದೆ. ಅದನ್ನು ಉಬ್ಬಿಸಲು ಯಾವ ಉಪಾಯವೂ ಇಲ್ಲ. ಆದ್ದರಿಂದ ಇ ಮೈನರ್ ಕುಣಿತದಲ್ಲಿ ಪಿಟೀಲುಗಳು ನಾದದ ಏರಿಳಿತದಿಂದ ಹೇಳುವುದನ್ನು ಪಿಯಾನೊವಾದಕರು ಕಾಲದಿಂದ ಹೇಳಬೇಕು: ಮುಂದಿನ ಸ್ವರವನ್ನು ಚೂರು ತಡೆದು, ಅಥವಾ ಚೂರು ಬೇಗ ತಂದು. ಪಿಯಾನೊವಾದಕರಾದ ಆಲ್ಫ್ರೆಡ್ ಬ್ರೆಂಡೆಲ್ ಮತ್ತು ವಾಲ್ಟರ್ ಕ್ಲೀನ್ ಯೌವನದಲ್ಲಿ ಜೊತೆಯಾಗಿ ಮುದ್ರಿಸಿದ ನಾಲ್ಕು ಕೈಗಳ ರೂಪ ಕೇಳಿದರೆ ಈ ತಡೆ ಬಿಡುವುಗಳ ನುಣುಪು ಎಷ್ಟು ಮುಖ್ಯವೆಂದು ತಿಳಿಯುತ್ತದೆ. ಒಂದೇ ಸರಿರೂಪವಿದೆ ಎನ್ನುವವರು ಇಲ್ಲಿ ಸಂಯೋಜಕನನ್ನೇ ತಿದ್ದಬೇಕಾಗುತ್ತದೆ. ಎರಡು ಅಸಲುಗಳಲ್ಲಿ ಒಂದನ್ನು ನಕಲಿ ಎಂದು ಸಾರಬೇಕಾಗುತ್ತದೆ.

ಈಗ ವಾದದ ನಡುಮನೆಗೆ ಬರೋಣ. ಒಬ್ಬರು ಈ ಇ ಮೈನರ್ ಕುಣಿತವನ್ನು ಸೆಲ್ 1960ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮುದ್ರಿಸಿದ ರೂಪದಲ್ಲಿ ಮಾತ್ರ ಕೇಳಿದ್ದಾರೆ ಎಂದುಕೊಳ್ಳಿ. ಅಲ್ಲಿನ ಪ್ರತಿ ಒತ್ತೂ ನಿಖರ, ಒಳದನಿಗಳೆಲ್ಲ ಗಾಜಿನಷ್ಟು ಸ್ಪಷ್ಟ. ಅವರಿಗೆ ಕುಣಿತ ಬಹಳ ಹಿಡಿಸುತ್ತದೆ. ಹಿಡಿಸಿದ್ದು ಏನು? ಆ ಸ್ಪಷ್ಟತೆ ಡ್ವೊರ್ಜಾಕ್ ಬರೆದದ್ದೋ, ಸೆಲ್ ತಂದದ್ದೋ? ವಿಷಾದದ ಕೆಳಗೆ ಕೇಳುವ ಸಂಯಮ ಧಾಟಿಯೊಳಗೇ ಇದೆಯೋ, ಬಿಗಿಹಿಡಿದ ಕೈಯಿಂದ ಬಂದಿದೆಯೋ? ಒಂದೇ ಪ್ರಸ್ತುತಿಯ ಮುಂದೆ ಎಷ್ಟು ಸಲ ಕೂತರೂ ಈ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಎರಡೂ ಯಾವಾಗಲೂ ಒಟ್ಟಿಗೇ ಬರುತ್ತವೆ. ಒಟ್ಟಿಗೇ ಬರುವ ಎರಡು ಕಾರಣಗಳಲ್ಲಿ ಯಾವುದು ಯಾವ ಪರಿಣಾಮಕ್ಕೆ ಹೊಣೆ ಎಂದು ತಿಳಿಯಲು ಒಂದನ್ನು ಬದಲಿಸಿ ಇನ್ನೊಂದನ್ನು ಉಳಿಸಿಕೊಳ್ಳಬೇಕು. ತರ್ಕದ ಮೊದಲ ಪಾಠವಿದು. ಸ್ವರಲಿಪಿಯನ್ನು ಉಳಿಸಿಕೊಂಡು ನುಡಿಸುವ ಕೈಯನ್ನು ಬದಲಿಸುವುದಕ್ಕೆ ಇನ್ನೊಂದು ಪ್ರಸ್ತುತಿ ಕೇಳುವುದು ಎನ್ನುತ್ತೇವೆ. ತಾಲಿಖ್‌ನಲ್ಲಿ ಅದೇ ಧಾಟಿ ಇನ್ನಷ್ಟು ಹಾಡಾಗುತ್ತದೆ, ಗಾಜಿನ ಸ್ಪಷ್ಟತೆ ಹೋಗುತ್ತದೆ, ಆದರೂ ವಿಷಾದ ಅಳುವಾಗಿ ಜಾರುವುದಿಲ್ಲ. ಆಗ ತಿಳಿಯುತ್ತದೆ: ಸ್ಪಷ್ಟತೆ ಸೆಲ್‌ನದು, ಸಂಯಮ ಡ್ವೊರ್ಜಾಕ್‌ನದು. ಕುಣಿತದ ಮೂರರ ಹೆಜ್ಜೆ ಒಳಗೆ ಸದಾ ನಡೆಯುತ್ತಿರುವುದರಿಂದ ದುಃಖ ಕುಸಿದು ಕೂರಲು ಅವಕಾಶವೇ ಇಲ್ಲ. ಆ ಗುಣ ಬರಹದಲ್ಲೇ ಇದೆ. ಈ ತಿಳಿವಳಿಕೆ ಎರಡನೆಯ ಪ್ರಸ್ತುತಿ ಕೇಳುವ ತನಕ ಯಾರಿಗೂ ಸಿಗದು. ಒಂದೇ ಮುದ್ರಿಕೆಗೆ ನಿಷ್ಠರಾಗಿರುವವರು ಕೃತಿಗೆ ನಿಷ್ಠರಾಗಿದ್ದೇವೆ ಎಂದುಕೊಂಡಿರುತ್ತಾರೆ. ನಿಜದಲ್ಲಿ ಕೃತಿಯ ಮುಖವನ್ನು ಅವರು ಇನ್ನೂ ಬೇರೆಯಾಗಿ ಕಂಡೇ ಇಲ್ಲ.

ಇದಕ್ಕೆ ಒಂದು ಆಕ್ಷೇಪ ಥಟ್ಟನೆ ಬರುತ್ತದೆ: ವ್ಯತ್ಯಾಸಗಳೆಲ್ಲ ಕಲೆಯ ಆಯ್ಕೆಗಳೇ ಆಗಿರಬೇಕಿಲ್ಲ, ಎಷ್ಟೋ ಆಕಸ್ಮಿಕ. ಇದು ನಿಜ, ಇದಕ್ಕೆ ತೂಕವಿದೆ. ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ನಾಲ್ಕೂವರೆ ನಿಮಿಷದ ಸಂಗೀತ; ಅದರೊಳಗೆ ಮುಗಿಸುವ ಅವಸರ ವೇಗವನ್ನು ಹೆಚ್ಚಿಸಿರಬಹುದು. 1935ರ ಮುದ್ರಣಗಳನ್ನು ಕೇಳಿ ಇದು ಆ ಕಾಲದ ರುಚಿ ಎಂದು ಅವಸರದಿಂದ ತೀರ್ಮಾನಿಸುವವರು ಯಂತ್ರದ ಒತ್ತಡವನ್ನು ಅಭಿರುಚಿ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಮೈಕಿನ ಜಾಗ, ಸಭಾಂಗಣದ ಮರುದನಿ, ಮುದ್ರಣದ ಎಂಜಿನಿಯರ್‌ನ ಕೈಚಳಕ, ಇವೂ ಸೇರಿಕೊಳ್ಳುತ್ತವೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಒಡೆಯುವುದಿಲ್ಲ, ಇನ್ನಷ್ಟು ಪ್ರಸ್ತುತಿಗಳನ್ನು ಕೇಳಬೇಕೆನ್ನುತ್ತದೆ. ಸೆಲ್ ಇದೇ ಇ ಮೈನರ್ ಕುಣಿತವನ್ನು 1970ರ ಏಪ್ರಿಲ್‌ನಲ್ಲಿ ಅದೇ ಕ್ಲೀವ್‌ಲ್ಯಾಂಡ್ ತಂಡದೊಂದಿಗೆ, ಡ್ವೊರ್ಜಾಕ್‌ನ ಎಂಟನೆಯ ಸಿಂಫನಿಯ ಜೊತೆಗೆ, ಇನ್ನೊಮ್ಮೆ ಮುದ್ರಿಸಿದ. ಅದೇ ವರ್ಷ ಜುಲೈನಲ್ಲಿ ತೀರಿಕೊಂಡ. ಕಂಡಕ್ಟರ್ ಅವನೇ, ತಂಡ ಅದೇ, ಲಿಪಿ ಅದೇ; ಉಸಿರು ಮಾತ್ರ ಇನ್ನಷ್ಟು ಬಿಚ್ಚಿದೆ. ಸಾವಿನ ನೆರಳನ್ನು ಅದರಲ್ಲಿ ಹುಡುಕುವ ಆಸೆಯನ್ನು ನಾನು ಒಪ್ಪುವುದಿಲ್ಲ. ಜೀವನಚರಿತ್ರೆಯನ್ನು ಕಿವಿಗೆ ಕಟ್ಟಿಕೊಂಡು ಕೇಳಿದರೆ ಬೇಕಾದದ್ದೆಲ್ಲ ಕೇಳಿಸುತ್ತದೆ. ಅಷ್ಟು ಶಿಸ್ತಿನವನಿಗೂ ಈ ಕುಣಿತ ಎರಡು ಬಗೆಯಾಗಿ ಕಂಡಿತು ಎಂಬ ಸಂಗತಿಯೇ ಸಾಕು.

ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಎಲ್ಲರೂ ಸರಿ ಎಂದರೆ ಯಾರೂ ತಪ್ಪಲ್ಲ ಎಂದಾಯಿತು. ಆಗ ‘ಚೆನ್ನಾಗಿ ನುಡಿಸಿದರು’ ಎಂಬ ಮಾತಿಗೇ ಅರ್ಥ ಉಳಿಯದು. ಆದರೆ ಹಲವು ಸರಿಗಳಿವೆ ಎನ್ನುವುದರಿಂದ ಎಲ್ಲವೂ ಸರಿ ಎಂದು ಹೊರಡುವುದಿಲ್ಲ. ಗಮಕಿಗಳು ಕುಮಾರವ್ಯಾಸನ ಒಂದೇ ಷಟ್ಪದಿಯನ್ನು ಬೇರೆಬೇರೆ ರಾಗಗಳಲ್ಲಿ ವಾಚಿಸುತ್ತಾರೆ; ಅದರಿಂದ ಪದ ಒಡೆದು ಅರ್ಥ ಕೆಡಿಸಿದ ವಾಚನವೂ ಒಪ್ಪಿತವೆಂದು ಯಾರೂ ಹೇಳುವುದಿಲ್ಲ. ಬರಹ ಬಿಟ್ಟುಕೊಟ್ಟ ಜಾಗ ಎಲ್ಲಿ, ಬಿಟ್ಟುಕೊಡದ ಜಾಗ ಎಲ್ಲಿ ಎಂಬುದನ್ನು ಒಂದು ಫ್ಯೂರಿಯಂಟ್‌ನಿಂದಲೇ ತೋರಿಸಬಹುದು. ಮೊದಲ ಗುಚ್ಛದ ಮೊದಲ ಮತ್ತು ಎಂಟನೆಯ ಕುಣಿತಗಳು ಫ್ಯೂರಿಯಂಟ್‌ಗಳು. ಬರೆದಿರುವುದು ಮೂರರ ಎಣಿಕೆಯಲ್ಲಿ. ನಾಲ್ಕು ಆವರ್ತಕ್ಕೆ ಹನ್ನೆರಡು. ಆದರೆ ಧಾಟಿಯ ಒತ್ತುಗಳು 3+3+3+3 ಎಂದು ಬೀಳದೆ 2+2+2+3+3 ಎಂದು ಬೀಳುತ್ತವೆ. ಲಯದ ಲೆಕ್ಕಕ್ಕೆ ಪಳಗಿದ ನಮ್ಮ ಕಿವಿಗೆ ಇದು ಒಡನೆ ಹಿಡಿಯುತ್ತದೆ: ಹನ್ನೆರಡರ ಮೊದಲರ್ಧ ಎರಡೆರಡಾಗಿ ಒಡೆದು, ಉಳಿದರ್ಧ ಮೂರಕ್ಕೆ ಮರಳುತ್ತದೆ. ಈ ಒಡೆತ ಮತ್ತು ಮರಳುವಿಕೆ ಬರಹದಲ್ಲಿದೆ, ಬಿಟ್ಟುಕೊಡುವಂಥದ್ದಲ್ಲ. ಅದನ್ನು ಹೇಗೆ ಕೇಳಿಸಬೇಕು ಎಂಬುದು ಬಿಟ್ಟುಕೊಟ್ಟ ಜಾಗ. ಎರಡರ ಒತ್ತುಗಳನ್ನು ಕಡಿದಂತೆ ಕೊಟ್ಟು ಮೂರಕ್ಕೆ ಬಂದಾಗ ತಿರುಗಿ ಹಾರಬಹುದು. ಅಥವಾ ಮೂರರ ತೂಗಾಟವನ್ನು ಒಳಗೆ ಹಿಡಿದಿಟ್ಟು ಎರಡರ ಒತ್ತುಗಳು ಅದಕ್ಕೆ ಎದುರಾಗಿ ಎಳೆಯುವಂತೆ ಮಾಡಬಹುದು. ಮೊದಲನೆಯದರಲ್ಲಿ ಹುರುಪು, ಎರಡನೆಯದರಲ್ಲಿ ಸೆಣಸಾಟ. ಕಂಡಕ್ಟರ್ ನಿಕೊಲಾಸ್ ಹಾರ್ನೊಂಕೂರ್ ಚೇಂಬರ್ ಆರ್ಕೆಸ್ಟ್ರಾ ಆಫ್ ಯುರೋಪ್‌ನೊಂದಿಗೆ ಮಾಡಿದ ಪ್ರಸ್ತುತಿಯಲ್ಲಿ ಚಿಕ್ಕ ತಂಡ, ಒರಟು ಒತ್ತು, ಕುಣಿತದ ಕೆಳಗೆ ಏನೋ ಕಪ್ಪು. ಕುಬೆಲಿಕ್‌ನಲ್ಲಿ ಅದೇ ಒತ್ತುಗಳು ಬೆಚ್ಚಗೆ ತೂಗುತ್ತವೆ. ಎರಡೂ ಬರಹಕ್ಕೆ ಬದ್ಧ. ಆದರೆ ‘ಪ್ರೆಸ್ಟೊ’ ಎಂಬ ಸೂಚನೆಯನ್ನು ಓಟದ ಪಂದ್ಯವೆಂದು ತಿಳಿದು, ಎರಡು ಯಾವುದು ಮೂರು ಯಾವುದು ಎಂದು ಕಿವಿಗೆ ತಿಳಿಯದಷ್ಟು ವೇಗದಲ್ಲಿ ಎಲ್ಲ ಒತ್ತುಗಳನ್ನೂ ಸಮತಟ್ಟು ಮಾಡುವ ಪ್ರಸ್ತುತಿಗಳಿವೆ. ಕಛೇರಿಯ ಕೊನೆಗೆ ಚಪ್ಪಾಳೆಗಾಗಿ ನುಡಿಸುವಾಗ ಇದು ಆಗಾಗ ನಡೆಯುತ್ತದೆ. ಅಲ್ಲಿ ಒಂದು ಸ್ವರವೂ ತಪ್ಪಿಲ್ಲದಿರಬಹುದು. ಆದರೂ ಅದು ತಪ್ಪು, ಏಕೆಂದರೆ ಫ್ಯೂರಿಯಂಟ್ ಎಂಬ ಕುಣಿತವೇ ಅಲ್ಲಿಲ್ಲ.

ಎರಡು ಪ್ರಸ್ತುತಿಗಳು ಒಂದಕ್ಕೊಂದು ವಿರುದ್ಧವಾಗಿರುವಾಗ ಎರಡನ್ನೂ ಒಟ್ಟಿಗೆ ಮೆಚ್ಚುವುದು ಸ್ವವಿರೋಧವಲ್ಲವೇ ಎಂಬ ಗೊಂದಲವೂ ಇಲ್ಲೇ ತಿಳಿಯಾಗುತ್ತದೆ. ಎರಡು ವಿರುದ್ಧ ಹೇಳಿಕೆಗಳನ್ನು ಒಟ್ಟಿಗೆ ನಿಜವೆಂದು ನಂಬುವುದು ಸ್ವವಿರೋಧ. ಪ್ರಸ್ತುತಿ ಹೇಳಿಕೆಯಲ್ಲ, ಮಾಡಿ ತೋರಿಸುವ ಕೆಲಸ. ಸೆಲ್‌ನ ಬಿಗಿ ‘ಇದು ಹೀಗೆಯೇ ಇರಬೇಕು’ ಎಂದು ಸಾಧಿಸುವುದಿಲ್ಲ. ‘ಇದು ಹೀಗೂ ನಿಲ್ಲುತ್ತದೆ’ ಎಂದು ತೋರಿಸುತ್ತದೆ. ತಾಲಿಖ್‌ನ ಬಾಗು ಇನ್ನೊಂದು ಬಗೆಯಾಗಿಯೂ ನಿಲ್ಲುತ್ತದೆ ಎಂದು ತೋರಿಸುತ್ತದೆ. ಒಂದೇ ಸಂಜೆ ಒಬ್ಬ ಕಂಡಕ್ಟರ್ ಎರಡನ್ನೂ ಒಟ್ಟಿಗೆ ಮಾಡಲಾರ, ನಿಜ. ಆ ಮಿತಿ ಕೇಳುಗರಿಗಿಲ್ಲ. ಮನೋಧರ್ಮವಿರುವುದು ನಮ್ಮ ಸಂಗೀತದಲ್ಲಿ ಮಾತ್ರ ಎಂದು ಹೆಮ್ಮೆಪಡುವವರು ಒಂದೇ ಕೃತಿಯನ್ನು ನಾಲ್ವರು ವಿದ್ವಾಂಸರಿಂದ ಕೇಳಲು ಊರೂರು ಅಲೆಯುವಾಗ ಈ ಸ್ವಾತಂತ್ರ್ಯವನ್ನು ಸಹಜವಾಗಿ ಅನುಭವಿಸುತ್ತಾರೆ. ಅಲ್ಲಿನಷ್ಟು ವಿಸ್ತಾರವಾದ ಅವಕಾಶ ಇಲ್ಲಿಲ್ಲ. ಇಲ್ಲಿ ನೆರವಲ್, ಸ್ವರಕಲ್ಪನೆಗಳಿಲ್ಲ. ಆದರೆ ಇಕ್ಕಟ್ಟಾದ ಜಾಗದಲ್ಲಿ ನಡೆಯುವ ಆಯ್ಕೆ ಕಡಿಮೆ ಬೆಲೆಯದು ಎನ್ನಲು ಕಾರಣವೇನೂ ಕಾಣದು. ಒಂದು ಸ್ವರವನ್ನು ಎಷ್ಟು ತಡೆಯಬೇಕು ಎಂಬಷ್ಟರಲ್ಲೇ ಇಡೀ ಕುಣಿತದ ಭಾವ ಬದಲಾಗುವುದಾದರೆ ಆ ಆಯ್ಕೆಯ ಹೊಣೆ ಇನ್ನೂ ಹೆಚ್ಚು.

ಕೊನೆಯ ಆಕ್ಷೇಪ ನನ್ನ ಮಟ್ಟಿಗೆ ಅತ್ಯಂತ ಪ್ರಾಮಾಣಿಕವಾದದ್ದು. ಹತ್ತು ಪ್ರಸ್ತುತಿಗಳನ್ನು ಕೇಳುವವರು ಕ್ರಮೇಣ ಕೃತಿಯನ್ನು ಮರೆತು ಕಂಡಕ್ಟರುಗಳ ಪಟ್ಟಿ ಮಾಡತೊಡಗುತ್ತಾರೆ. ಯಾರದು ಎಷ್ಟು ನಿಮಿಷ, ಯಾರದು ಎಷ್ಟನೆಯ ಸ್ಥಾನ ಎಂಬ ಲೆಕ್ಕದಲ್ಲಿ ಸಂಗೀತ ಕಳೆದುಹೋಗುತ್ತದೆ. ಇದು ನಡೆಯುತ್ತದೆ, ಕೆಟ್ಟದ್ದೂ ಹೌದು. ಆದರೆ ಸ್ಥಾನ ಕೊಡುವ ಈ ಚಟ ಹುಟ್ಟುವುದು ಎಲ್ಲಿಂದ? ಕೊನೆಗೆ ಒಂದೇ ಉಳಿಯಬೇಕು ಎಂಬ ಹಳೆಯ ನಂಬಿಕೆಯಿಂದಲೇ. ಆ ನಂಬಿಕೆಯನ್ನು ಬಿಟ್ಟು ಕೇಳಿದರೆ ಗಮನ ತಾನಾಗಿ ಕೃತಿಯ ಕಡೆಗೆ ತಿರುಗುತ್ತದೆ. ನನ್ನ ಅನುಭವದಲ್ಲಿ ಇದಕ್ಕೆ ಸಹಾಯ ಮಾಡುವುದು ಇಡೀ ಗುಚ್ಛಗಳನ್ನು ಒಂದರ ಮೇಲೊಂದು ಕೇಳುವುದಲ್ಲ. ಒಂದೇ ಕುಣಿತದ ಒಂದೇ ಜಾಗವನ್ನು ಬೇರೆಬೇರೆ ಕೈಗಳಲ್ಲಿ ಕೇಳುವುದು. ಅದರಲ್ಲೂ ಆರ್ಕೆಸ್ಟ್ರಾ ಮತ್ತು ಪಿಯಾನೊ ರೂಪಗಳ ನಡುವೆ ಹೋಗಿ ಬರುವುದು. ಡ್ವೊರ್ಜಾಕ್ ಸುಮಾರು ಒಂದು ದಶಕ ಪ್ರಾಗಿನ ರಂಗಮಂದಿರದ ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸಿದವನು. ಮೇಲಿನ ಧಾಟಿಗೂ ಕೆಳಗಿನ ಆಧಾರಕ್ಕೂ ನಡುವೆ ಕೂತು ಸಂಗೀತವನ್ನು ಒಳಗಿನಿಂದ ಕೇಳಿದವನು. ಅವನ ಕುಣಿತಗಳಲ್ಲಿ ನಡುದನಿಗಳಿಗೆ ಸದಾ ತಮ್ಮದೇ ಆದ ಮಾತಿದೆ. ತುಂಬಿದ ಆರ್ಕೆಸ್ಟ್ರಾದಲ್ಲಿ ಪಿಟೀಲುಗಳ ಹೊಳಪು ಅವನ್ನು ಎಷ್ಟೋ ಸಲ ಮುಚ್ಚಿಬಿಡುತ್ತದೆ. ನಾಲ್ಕು ಕೈಗಳ ರೂಪದಲ್ಲಿ ಅವು ಬರಿಯ ಬೆರಳುಗಳಲ್ಲಿ, ಅಲಂಕಾರವಿಲ್ಲದೆ ಎದ್ದು ಬರುತ್ತವೆ. ಅಲ್ಲಿ ಒಮ್ಮೆ ಕೇಳಿ ಗುರುತು ಹಿಡಿದವರಿಗೆ ಆಮೇಲೆ ತಾಲಿಖ್‌ನ 1935ರ ಸವೆದ ಮುದ್ರಣದಲ್ಲೂ ವಯೋಲಾಗಳ ಆ ಸಾಲು ಕೇಳಿಸತೊಡಗುತ್ತದೆ.